ಸ್ಪರ್ಧೆಗೆ ಹೋದ ಕಂಬಳಿ

ಹೊಳಲ್ಕೆರೆಯ ಒಂದು ಪ್ರೌಢಶಾಲೆಯ ದೊಡ್ಡ ಹಾಲಿನಲ್ಲಿ ಆ ದಿನ ಯಾರು ಯಾರು ಇದ್ದರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವೇದಿಕೆಯ ಮೇಲೆ ನಮ್ಮ ವಿದ್ಯಾ ಇಲಾಖೆಯ ಸಾಹೇಬರು. ಅವರ ಎಡಬಲಕ್ಕೆ ತೀರ್ಪುಗಾರರೆಂದು ಕರೆಸಿದ್ದ ಇಬ್ಬರು ನಿವೃತ್ತ ಹೆಡ್‌ಮಾಸ್ಟರುಗಳು. ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಇನ್ನೊಬ್ಬರಿಗೆ ಕೇಳುವ ಮನಸ್ಸಿರಲಿಲ್ಲ. ವೇದಿಕೆಯ ಕೆಳಗೆ ಮೇಜು ಹಾಕಿಕೊಂಡು ಅಂಕಪಟ್ಟಿ ಬರೆಯಲು ಕೂತ ಗುಮಾಸ್ತ ನಾನು. ಗೋಡೆಯುದ್ದಕ್ಕೂ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು, ತಮ್ಮ ತಮ್ಮ ಉಪಕರಣದ ಪಕ್ಕದಲ್ಲಿ, ಸಂತೆಯಲ್ಲಿ ದನ ಹಿಡಿದು ನಿಂತವರ ಹಾಗೆ ನಿಂತಿದ್ದರು. ಹಿಂದಿನ ಬಾಗಿಲ ಹತ್ತಿರ ನೆಲದ ಮೇಲೆ ಹಳೆಯ ಕಂಬಳಿ ಹೊದ್ದು ಕೂತವನು ಈರಜ್ಜ. ಅವನನ್ನು ಯಾರೂ ಕರೆದಿರಲಿಲ್ಲ.

ಇದೆಲ್ಲ ಈಗ ನೆನಪಾಗಲು ಒಂದು ವಾಸನೆ ಕಾರಣ. ಹೋದ ತಿಂಗಳು ಹೊಸದುರ್ಗದಿಂದ ಬಸ್ಸಿನಲ್ಲಿ ಬರುವಾಗ ಪಕ್ಕಕ್ಕೆ ಬಂದು ಕೂತ ಹೆಂಗಸಿನ ಮಡಿಲಲ್ಲಿ ಹೊಸ ಕಂಬಳಿ ಇತ್ತು. ಮಗಳ ಬಾಣಂತನಕ್ಕೆ ಒಯ್ಯುತ್ತಿದ್ದಳಂತೆ. ಹೊಸ ಕಂಬಳಿಯ ವಾಸನೆ ಬರೀ ಉಣ್ಣೆಯದಲ್ಲ. ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಆ ಹುಳಿಮಿಶ್ರಿತ, ಸ್ವಲ್ಪ ಸುಟ್ಟ ಹಾಗಿನ ವಾಸನೆ ಉಣ್ಣೆಯೊಡನೆ ಸೇರಿಕೊಂಡಿರುತ್ತದೆ. ಆ ಹೆಂಗಸು ಶ್ರೀರಾಂಪುರದಲ್ಲಿ ಇಳಿದುಹೋದಳು. ವಾಸನೆ ನನ್ನ ಜೊತೆ ಮನೆಯವರೆಗೂ ಬಂತು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ ಅದು. ನಮ್ಮ ಕಚೇರಿಯ ಸೀಲಿನಲ್ಲಿ ಮಾತ್ರ ಇನ್ನೂ ಮೈಸೂರೇ ಇತ್ತು. ಸಂಕ್ರಾಂತಿಗೆ ಮುಂಚೆ ಮೇಲಿನಿಂದ ಒಂದು ಸುತ್ತೋಲೆ ಬಂತು: ಪಾಠ ಹೇಳುವುದರಲ್ಲಿ ನೂತನ ತಂತ್ರ ಸಾಧನಗಳನ್ನು ಬಳಸುವ ಶಾಲೆಗಳಿಗೆ ಸ್ಪರ್ಧೆ, ಗೆದ್ದವರಿಗೆ ಬೆಳ್ಳಿಯ ಫಲಕ, ಹೆಸರು ಬೆಂಗಳೂರಿಗೆ. ಸ್ಟೆನ್ಸಿಲ್ ಕೊಯ್ದು ಪ್ರತಿ ತೆಗೆದು ಶಾಲೆಗಳಿಗೆ ಕಳಿಸಿದವನು ನಾನೇ. ಕಳಿಸುವಾಗ ನಗು ಬಂತು. ಅರ್ಧ ಶಾಲೆಗಳಲ್ಲಿ ಕರಿ ಹಲಗೆ ಇರಲಿಲ್ಲ; ಇದ್ದ ಕಡೆ ಅದು ಕರಿ ಉಳಿದಿರಲಿಲ್ಲ. ಮಳೆ ಬಂದರೆ ಬಸವಣ್ಣನ ಗುಡಿಗೆ ಓಡುವ ಮಕ್ಕಳಿಗೆ ತಂತ್ರ ಸಾಧನವಂತೆ. ನಮ್ಮಜ್ಜಿ ಬದುಕಿದ್ದರೆ, ಅಂಗೈಯಗಲ ಹೊಲಕ್ಕೆ ಆಳೆತ್ತರದ ಬೆದರುಬೊಂಬೆ ಅನ್ನುತ್ತಿದ್ದಳು.

ಅದೇ ವಾರ ಸಾಹೇಬರು ಹೊಸದುರ್ಗ ತಾಲ್ಲೂಕಿಗೆ ತಪಾಸಣೆಗೆ ಹೊರಟರು. ಜೀಪಿನ ಹಿಂದೆ ಫೈಲುಗಳ ಜೊತೆ ನಾನು. ಶ್ರೀರಾಂಪುರದ ಆಚೆ ಕುರಿ ಸಾಕುವವರ ಒಂದು ಹಟ್ಟಿ; ಅದರ ಹೆಸರು ಇಲ್ಲಿ ಬೇಡ, ಹಟ್ಟಿ ಎಂದೇ ಕರೆಯೋಣ. ಅಲ್ಲಿ ಏಕೋಪಾಧ್ಯಾಯ ಶಾಲೆ. ಹೋಗಿ ನೋಡಿದರೆ ಬೀಗ. ಚಳಿಗಾಲದ ಒಣಗಾಳಿಗೆ ಆ ಬೀಗ ಬಾಗಿಲಿಗೆ ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು. ಹೊರಗೆ ರಾಗಿ ಕೇರುತ್ತಿದ್ದ ಮುದುಕಿಯನ್ನು ಸಾಹೇಬರು ಕೇಳಿದರು.

“ಶಾಲೆ ಯಾಕಮ್ಮ ಮುಚ್ಚಿದೆ?”

“ಮುಚ್ಚಿಲ್ಲ ಸ್ವಾಮಿ. ಶಾಲೆ ಕುರಿ ಸಂಗಡ ಹೋಗೈತೆ.”

“ಶಾಲೆ ಎಲ್ಲಿಗಮ್ಮ ಹೋಗುತ್ತೆ?”

“ಬಬ್ಬೂರ ಕಡೆಗೆ. ಅಲ್ಲಿ ಗದ್ದೆ ಕೊಯ್ದವ್ರೆ, ಕುರಿ ನಿಲ್ಸಾಕೆ ಕರ್ದವ್ರೆ. ಯುಗಾದಿ ಹೊತ್ತಿಗೆ ಬರ್ತತೆ, ಆವಾಗ ಬರ್ರಿ.”

ಸಾಹೇಬರು ಜೀಪಿನಲ್ಲಿ ಕೂತು ಮೊಣಕಾಲ ಮೇಲೆ ಕಾಗದ ಇಟ್ಟು ಬರೆದುಕೊಂಡರು: ತಪಾಸಣೆಯ ದಿನ ಶಾಲೆ ಸ್ಥಳದಲ್ಲಿರಲಿಲ್ಲ. ಮೇಷ್ಟ್ರು ಇರಲಿಲ್ಲ ಎಂದು ಬರೆಯಬೇಕಿತ್ತು. ಸಿಟ್ಟಿನಲ್ಲಿ ನಿಜವನ್ನೇ ಬರೆದರು. ಈ ಶಾಲೆಯನ್ನು ಬರುವ ಜೂನಿನಿಂದ ಮುಚ್ಚತಕ್ಕದ್ದು ಎಂದು ಪ್ರಸ್ತಾವನೆ ತಯಾರಿಸಲು ಹೇಳಿ, ಅದಕ್ಕೆ ಮುಂಚೆ ಬಬ್ಬೂರಿಗೆ ಹೋಗಿ ನೋಡಿಕೊಂಡು ಬಾ ಎಂದು ನನ್ನನ್ನು ಅಟ್ಟಿದರು.

ಹಿರಿಯೂರಿನಲ್ಲಿ ಬಸ್ಸಿಳಿದು ಬಬ್ಬೂರಿನ ಕಡೆ ನಡೆದೆ. ನಾಲೆಯ ಕೆಳಗಿನ ಕೊಯ್ದ ಗದ್ದೆಗಳಲ್ಲಿ ಎಲ್ಲಿ ನೋಡಿದರೂ ಕುರಿ. ಗೊಬ್ಬರಕ್ಕಾಗಿ ಗದ್ದೆಯವರು ಕುರಿಮಂದೆಯನ್ನು ಕರೆದು ನಿಲ್ಲಿಸಿಕೊಳ್ಳುವುದು ಅಲ್ಲಿ ಹಿಂದಿನಿಂದ ಬಂದ ರೂಢಿ. ಮಂದೆಯ ಹಿಂದೆ ಅಪ್ಪ ಅಮ್ಮ, ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಕೆಂಚಪ್ಪ ಮೇಷ್ಟ್ರು. ಅವರು ತಾಳ್ಯದ ಕಡೆಯ ಅಡಿಕೆ ತೋಟದ ಒಕ್ಕಲು ಮನೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹೊಂಗೆ ಮರದ ಕೆಳಗೆ, ಮಂದೆಯ ಹಿರಿಯ ಈರಜ್ಜನ ಕೋಲನ್ನು ಎರಡು ಕವೆಗಳ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಕರಿ ಕಂಬಳಿ ಇಳಿಬಿಟ್ಟು ಪಾಠ ಮಾಡುತ್ತಿದ್ದರು.

“ಬರ್ರಿ ರುದ್ರಪ್ಪನೋರೆ, ಕುಂತ್ಕಳ್ರಿ. ಹಾಸಾಕೆ ಕಂಬ್ಳಿ ಇಲ್ಲ, ಅದು ಪಾಠಕ್ಕೆ ನಿಂತೈತೆ. ಬಂಡೆ ಮ್ಯಾಲೆ ಕುಂತ್ಕಳ್ರಿ.”

ಕಂಬಳಿಯ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಅಕ್ಷರಗಳು, ಅಂಕಿಗಳು, ಮರ, ಹಳ್ಳ, ಸಣ್ಣ ಸಣ್ಣ ಕುರಿಗಳು. ಮೊಳೆ ಇಲ್ಲ, ದಾರ ಇಲ್ಲ. ಗಾಳಿ ಬೀಸಿದರೆ ಕಂಬಳಿ ಅಲುಗುತ್ತಿತ್ತು, ಕುರಿಗಳು ಬೀಳುತ್ತಿರಲಿಲ್ಲ. ನಾನು ಎದ್ದು ಹೋಗಿ ಒಂದು ಕುರಿಯನ್ನು ಕಿತ್ತು ಹಿಂದೆ ತಿರುಗಿಸಿ ನೋಡಿದೆ. ಜಾಲಿ ಮರದ ಅಂಟು ಬಳಿದು ಅದರ ಮೇಲೆ ಹಳ್ಳದ ಸಣ್ಣ ಮರಳು ಉದುರಿಸಿದ್ದರು. ಆ ಮರಳಿನ ಚೂಪು ಕಂಬಳಿಯ ಉಣ್ಣೆಯನ್ನು ಹಿಡಿದುಕೊಳ್ಳುತ್ತಿತ್ತು.

“ಇದನ್ನ ಯಾರು ಹೇಳಿಕೊಟ್ಟರು ಮೇಷ್ಟ್ರೆ?”

“ಉತ್ತರಾಣಿ. ಈರಜ್ಜನ ಕಂಬ್ಳಿಗೆ ಉತ್ತರಾಣಿ ಕಾಳು ಹತ್ತಿದ್ವು, ಎಷ್ಟು ಕೊಡವಿದ್ರೂ ಹೋಗ್ಲಿಲ್ಲ. ಕಾಳೇ ಹಿಡ್ಕಂತವೆ ಅಂದ್ರೆ ಅಕ್ಷರ ಯಾಕೆ ಹಿಡ್ಕಳಲ್ಲ ಅಂದ್ಕಂಡೆ.”

ಆಮೇಲೆ ಮಕ್ಕಳ ಕಡೆ ತಿರುಗಿ, ಕಂಬಳಿಯ ಮೇಲೆ ಒಂಬತ್ತು ರಟ್ಟಿನ ಕುರಿ ಹಚ್ಚಿ, “ಎಷ್ಟು ಕುರಿ ಅವೆ?” ಎಂದರು. ಮುಂದೆ ಕೂತ ಒಬ್ಬ ಹುಡುಗಿ ಎದ್ದಳು. “ಆರು ಸಾರ್.”

“ಸರಿಯಾಗಿ ಎಣಿಸು.”

“ಎಣ್ಸೀನಿ ಸಾರ್. ಮೂರಕ್ಕೆ ಬಾಲ ಮ್ಯಾಲೆ ಎತ್ತೀರಿ. ಅವು ಮ್ಯಾಕೆ. ಬಾಲ ಇಳಿಬಿಟ್ರೆ ಕುರಿ.”

ಹುಡುಗರೆಲ್ಲ ನಕ್ಕರು. ಈರಜ್ಜ ಗದ್ದೆಯ ಬದುವಿನಿಂದ ಕೂಗಿದ: “ತಾಳ್ಯದೋರಿಗೆ ಅಡಿಕೆ ಮರ ತೋರ್ಸ್ರೋ, ಎಣಿಸ್ತಾರೆ.” ಮೇಷ್ಟ್ರು ಕತ್ತರಿ ತೆಗೆದು ಮೂರು ಬಾಲಗಳನ್ನೂ ಅಲ್ಲೇ ಕತ್ತರಿಸಿ, “ಈಗ ಹೇಳು” ಎಂದರು. “ಈಗ ಏನೂ ಅಲ್ಲ ಸಾರ್” ಎಂದಳು ಹುಡುಗಿ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ಪಾಠವನ್ನು ನಾನು ಮತ್ತೆಲ್ಲೂ ನೋಡಲಿಲ್ಲ. ನಾನು ನೋಡಿದ ಶಾಲೆಗಳೇನೂ ಕಡಿಮೆಯಲ್ಲ.

ಊಟದ ಹೊತ್ತಿನಲ್ಲಿ ಫೈಲಿನ ವಿಷಯ ಹೇಳಿದೆ. ಶಾಲೆ ಮುಚ್ಚುತ್ತಾರೆ ಎಂದ ಕೂಡಲೇ ಮೇಷ್ಟ್ರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ಮುಚ್ಚಿದ್ರೆ ನನ್ನ ಎಲ್ಲಾದ್ರೂ ಹಾಕ್ತಾರೆ ಬಿಡ್ರಿ. ಇವಕ್ಕೆ ಇನ್ನೊಬ್ಬ ಮೇಷ್ಟ್ರು ಬಬ್ಬೂರಿಗೆ ಬರಲ್ಲ” ಎಂದಷ್ಟೇ ಹೇಳಿದರು. ಆಗ ಸ್ಪರ್ಧೆಯ ಮಾತು ತೆಗೆದವನು ನಾನು. ಬಹುಮಾನ ಬಂದ ಶಾಲೆಯನ್ನು ಮುಚ್ಚುವ ಧೈರ್ಯ ನಮ್ಮ ಸಾಹೇಬರಿಗಿಲ್ಲ, ಹೆಸರು ಬೆಂಗಳೂರಿಗೆ ಹೋದ ಮೇಲೆ ಆ ಫೈಲನ್ನು ನಾನೇ ಬೀರುವಿನ ತಳಕ್ಕೆ ಹಾಕುತ್ತೇನೆ, ನೀವು ಈ ಕಂಬಳಿ ತಗೊಂಡು ಹೊಳಲ್ಕೆರೆಗೆ ಬನ್ನಿ ಎಂದೆ. ಈರಜ್ಜ ದೂರದಲ್ಲೇ ಕೂತು ಎಲ್ಲ ಕೇಳಿಸಿಕೊಂಡ.

ಅವನು ಕೇಳಿಸಿಕೊಂಡದ್ದೇ ಕೆಲಸ ಕೆಡಿಸಿತು. ಆ ಜನಕ್ಕೆ ಕಂಬಳಿ ಅಂದರೆ ಹೊದೆಯುವ ಬಟ್ಟೆ ಮಾತ್ರವಲ್ಲ. ಕಂಬಳಿ ಮೆಟ್ಟಬಾರದು, ಕಂಬಳಿಗೆ ಮೊಳೆ ಹೊಡೆಯಬಾರದು, ಕಂಬಳಿ ಮುಟ್ಟಿ ಸುಳ್ಳು ಹೇಳಬಾರದು. ದೊಡ್ಡವರ ಮುಂದೆ ಹಾಸುವ ಕಂಬಳಿ ನೀರು ಕಾಣದ ಹೊಸದೇ ಆಗಿರಬೇಕು. ಹಟ್ಟಿಯ ಶಾಲೆ ದೊಡ್ಡವರ ಸಭೆಗೆ ಹೋಗುವಾಗ, ಕುರಿಮರಿ ಸುತ್ತಿದ, ಹತ್ತು ಮಳೆ ನೆನೆದ ಹಳೇ ಕಂಬಳಿ ಒಯ್ಯುವುದುಂಟೇ? ಮನೆಮನೆಯಿಂದ ಉಣ್ಣೆ ಎತ್ತಿದರು. ಹೆಂಗಸರು ನೂತರು. ನೇಯುವವನು ಬೇರೆ ಕೆಲಸ ಬಿಟ್ಟು ಕೂತ. ಮೇಷ್ಟ್ರಿಗೆ ಒಂದು ಮಾತೂ ಹೇಳಲಿಲ್ಲ, ಸಂತೋಷಪಡಲಿ ಅಂತ.

ಬೇಸಿಗೆ ಹಿಡಿದ ಮೇಲೆ, ಸ್ಪರ್ಧೆಯ ದಿನ ಬೆಳಿಗ್ಗೆ ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ಎದುರುಗೊಳ್ಳಲು ನಾನು ಹೋಗಿದ್ದೆ. ಈರಜ್ಜ ಆಗಲೇ ಬಂದು ನಿಂತಿದ್ದ. ಮೇಷ್ಟ್ರ ಕೈಯಿಂದ ಹಳೇ ಕಂಬಳಿ ಇಸಕೊಂಡು ತಾನು ಹೊದ್ದು, ಹೊಸದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

“ನಮ್ಮ ಹಟ್ಟೀದು ಮೇಷ್ಟ್ರೆ. ಎಲ್ಲಾರ ಮನೆ ಉಣ್ಣೆನೂ ಐತೆ ಇದ್ರಾಗೆ.”

ಮೇಷ್ಟ್ರು ಅದನ್ನು ಮುಟ್ಟಿದರು. ಗಂಜಿಯಿಂದ ಹಲಗೆಯ ಹಾಗೆ ಬಿರುಸಾಗಿತ್ತು, ನುಣ್ಣಗಿತ್ತು. ಅವರ ಮುಖ ಇಳಿದದ್ದನ್ನು ನಾನು ನೋಡಿದೆ. ನನಗೆ ಆಗ ಅರ್ಥವಾಗಲಿಲ್ಲ. ಅವರು ಅಜ್ಜನ ಮುಖ ನೋಡಿ, “ಬಲು ಚಂದ ಐತೆ ಅಜ್ಜ” ಎಂದು ಅದನ್ನೇ ಹೆಗಲಿಗೆ ಹಾಕಿಕೊಂಡರು.

ಇನ್ನು ಆ ಹಾಲಿನ ವೈಭವ. ಹೊಸದುರ್ಗದ ಕಡೆಯ ಒಂದು ಶಾಲೆಯವರು ರೇಡಿಯೊ ತಂದು ಅದಕ್ಕೆ ಚೆಂಡುಹೂವಿನ ಹಾರ ಹಾಕಿದ್ದರು. ಶಾಲೆಗಳ ಕಾರ್ಯಕ್ರಮ ಬರುವ ಹೊತ್ತು ಅದಲ್ಲ. ಆದ್ದರಿಂದ ರೇಡಿಯೊ ಸುಮ್ಮನೆ ಕೊರ್ ಎನ್ನುತ್ತಿತ್ತು, ಮೇಷ್ಟ್ರು ಅದರ ಪಕ್ಕ ನಿಂತು ಬಾಯಲ್ಲೇ ಕಾರ್ಯಕ್ರಮ ಹೇಳಿದರು. ಇನ್ನೊಬ್ಬರು ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ತಂದಿದ್ದರು, ಚಿತ್ರ ತಂದಿರಲಿಲ್ಲ. ಸಾಹೇಬರು ಬೆಳಕಿನ ಚೌಕವನ್ನು ನೋಡಿ ತಲೆದೂಗಿದರು.

ಎಲ್ಲಕ್ಕಿಂತ ದೊಡ್ಡದು ಚಿತ್ರದುರ್ಗದ ಒಂದು ಶಾಲೆಯ ವಿದ್ಯುತ್ ಪ್ರಶ್ನೆಪೆಟ್ಟಿಗೆ. ಅದರ ಹೆಡ್‌ಮಾಸ್ಟರು ನಂಜುಂಡಯ್ಯ, ಕೋಟು ಹಾಕುವ ಮನುಷ್ಯ. ಪೆಟ್ಟಿಗೆಯ ಎಡಕ್ಕೆ ಪ್ರಶ್ನೆಗಳು, ಬಲಕ್ಕೆ ಉತ್ತರಗಳು, ಪ್ರತಿಯೊಂದರ ಮುಂದೆ ಒಂದು ಹಿತ್ತಾಳೆ ತಿರುಪು. ಪ್ರಶ್ನೆಗೂ ಸರಿಯಾದ ಉತ್ತರಕ್ಕೂ ತಂತಿ ಮುಟ್ಟಿಸಿದರೆ ಮೇಲೆ ಕೆಂಪು ಬಲ್ಬು ಹೊತ್ತಬೇಕು. ದುರ್ಗದಿಂದ ಬರುವಾಗ ಬಸ್ಸಿನ ಮೇಲೆ ಕುಲುಕಿ ಒಳಗಿನ ತಂತಿಗಳೆಲ್ಲ ಕಿತ್ತುಹೋಗಿದ್ದವು. ಅದಕ್ಕೆ ಅವರ ವಿಜ್ಞಾನದ ಮೇಷ್ಟ್ರು ಸಿದ್ರಾಮಪ್ಪನವರನ್ನು ಮೇಜಿನ ಕೆಳಗೆ, ನೆಲ ಮುಟ್ಟುವ ಹಸಿರು ಬಟ್ಟೆಯ ಹಿಂದೆ ಕೂರಿಸಿ ಕೈಗೊಂದು ಸ್ವಿಚ್ಚು ಕೊಟ್ಟಿದ್ದರು. ನನ್ನ ಮೇಜಿನಿಂದ, ಬಟ್ಟೆಯ ಸಂದಿಯಲ್ಲಿ, ಅವರ ಚಪ್ಪಲಿಯ ಹಿಮ್ಮಡಿ ಚೆನ್ನಾಗಿ ಕಾಣುತ್ತಿತ್ತು. ಮಿಕ್ಕದ್ದನ್ನು ಆಮೇಲೆ ಟೀ ಕುಡಿಯುತ್ತ ಅವರೇ ಹೇಳಿದರು: ಮಕ್ಕಳು ಮುಟ್ಟಿದರೆ ಸರಿ ತಪ್ಪು ಕೇಳಿಸಿಕೊಂಡು ಒತ್ತು, ಸಾಹೇಬರು ಮುಟ್ಟಿದರೆ ಯೋಚನೆ ಮಾಡಬೇಡ, ಒತ್ತಿಬಿಡು ಎಂದು ಅಪ್ಪಣೆಯಾಗಿತ್ತಂತೆ.

ಸಾಹೇಬರು ಕೆಳಗಿಳಿದು ಬಂದು ತಾವೇ ತಂತಿ ಹಿಡಿದರು. ವಾಣಿವಿಲಾಸ ಸಾಗರ ಯಾವ ತಾಲ್ಲೂಕಿನಲ್ಲಿದೆ ಎಂಬುದು ಪ್ರಶ್ನೆ. ತಂತಿಯ ಇನ್ನೊಂದು ತುದಿಯನ್ನು ಹೊಳಲ್ಕೆರೆಗೆ ಮುಟ್ಟಿಸಿದರು. ಬಲ್ಬು ಕೆಂಪಗೆ ಹೊತ್ತಿತು. ಹಿರಿಯೂರಿನ ಜಲಾಶಯವೇ ಎದ್ದು ತಾಲ್ಲೂಕು ದಾಟಿತು. ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು ನೋಡುತ್ತ ನಿಂತಿದ್ದರು. ಹಿರಿಯೂರಿನವರೊಬ್ಬರು ತಮ್ಮ ಕಾಲಬೆರಳು ನೋಡಿಕೊಂಡರು. ಕಿವಿ ಕೇಳದ ತೀರ್ಪುಗಾರರು ಚಪ್ಪಾಳೆ ತಟ್ಟಿದರು.

“ನೋಡಿದಿರಾ” ಎಂದರು ಸಾಹೇಬರು. “ಇದರಲ್ಲಿ ತಪ್ಪಾಗುವುದಕ್ಕೆ ಅವಕಾಶವೇ ಇಲ್ಲ.”

ಆಮೇಲೆ ಕೆಂಚಪ್ಪ ಮೇಷ್ಟ್ರ ಸರದಿ. ಜವಾನ ಸುತ್ತಿಗೆ ಮೊಳೆ ತಂದ. ಹಿಂದಿನಿಂದ ಈರಜ್ಜ, “ಕಂಬ್ಳಿಗೆ ಮೊಳೆ ಹೊಡಿಬ್ಯಾಡಪ್ಪ” ಎಂದ. ಬೋರ್ಡಿನ ಸ್ಟ್ಯಾಂಡಿನ ಮೇಲೆ ಇಳಿಬಿಟ್ಟರು. ಸಾಹೇಬರು ಸುತ್ತಲೂ ನೋಡಿ, “ಇದರಲ್ಲಿ ತಂತ್ರ ಎಲ್ಲಿದೆ? ಕರೆಂಟಿಲ್ಲ, ಬ್ಯಾಟರಿ ಇಲ್ಲ” ಎಂದರು.

“ಹಿಡಕೊಳ್ಳೋದೇ ತಂತ್ರ ಸಾರ್” ಎಂದರು ಮೇಷ್ಟ್ರು. ಒಂದು ಕುರಿಯನ್ನು ಹಚ್ಚಿದರು. ಅದು ಗಂಜಿಯ ಮೇಲೆ ಜಾರಿ ಕೆಳಗೆ ಬಿತ್ತು. ಇನ್ನೊಂದು ಹಚ್ಚಿದರು, ಅದೂ ಬಿತ್ತು. ಅಂಗೈಯಿಂದ ಒತ್ತಿ ಹಿಡಿದರು. ಕೈ ತೆಗೆದ ಕೂಡಲೇ ಒಂದು ಅ, ಒಂದು ಮರ, ನಾಲ್ಕು ಕುರಿ ಒಟ್ಟಿಗೆ ಉದುರಿದವು. ನಂಜುಂಡಯ್ಯ ನಕ್ಕರು. ಸಾಹೇಬರು ನಕ್ಕ ಮೇಲೆ ಎಲ್ಲರೂ ನಕ್ಕರು. ಮೇಜಿನ ಕೆಳಗಿನಿಂದಲೂ ನಗು ಬಂತು.

ಈರಜ್ಜ ಎದ್ದು ನಡುವೆ ಬಂದ. ಹೆಗಲ ಮೇಲಿನ ಹಳೇ ಕಂಬಳಿ ತೆಗೆದು, “ಇದ್ಕೆ ಹಚ್ರಿ ಮೇಷ್ಟ್ರೆ” ಎಂದ.

“ಯಾರಯ್ಯ ನೀನು? ಕುರಿ ವಾಸನೆಯನ್ನೆಲ್ಲ ಒಳಗೆ ತಂದಿದ್ದೀಯ. ಸಾಕು, ಹೊತ್ತಾಯಿತು. ಮುಂದಿನವರು” ಎಂದರು ಸಾಹೇಬರು. ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದರು. ನೂರಕ್ಕೆ ಎರಡು. ನಾನು ಬರೆದೆ.

ಉಪ್ಪಿಟ್ಟು, ಕೇಸರಿಬಾತಿಗೆ ಎಲ್ಲರೂ ಒಳಗೆ ಹೋದಾಗ ಹೊರಗಿನ ಜಗುಲಿಯಲ್ಲಿ ಗದ್ದಲ ಕೇಳಿ ನಾನು ಬಂದೆ. ಈರಜ್ಜ ಕೋಲನ್ನು ಎರಡು ಕಿಟಕಿಯ ಸರಳಿಗೆ ಸಿಕ್ಕಿಸಿ ಹಳೇ ಕಂಬಳಿ ಇಳಿಬಿಟ್ಟಿದ್ದ. ಮೇಷ್ಟ್ರು ಒಂದೊಂದೇ ಹಚ್ಚುತ್ತಿದ್ದರು. ಜೀಪಿನ ಡ್ರೈವರು, ಜವಾನ, ಉಪ್ಪಿಟ್ಟು ಕೆದಕುತ್ತಿದ್ದ ಅಡಿಗೆಯವಳು, ಎಲ್ಲರೂ ಸುತ್ತ ನೆರೆದಿದ್ದರು. ಬಯಲಿನಿಂದ ಬಿಸಿಗಾಳಿ ಬೀಸುತ್ತಿತ್ತು. ಒಂದು ಕುರಿಯೂ ಬೀಳಲಿಲ್ಲ. ಅಡಿಗೆಯವಳು ಅದುವರೆಗೆ ಅಕ್ಷರ ಮುಟ್ಟಿದವಳಲ್ಲ. ಮೇಷ್ಟ್ರು ಅವಳ ಹೆಸರಿನ ಮೊದಲ ಅಕ್ಷರವನ್ನು ಅವಳ ಕೈಗೇ ಕೊಟ್ಟು ಹಚ್ಚಿಸಿದರು. “ಇದೇ ಏನ್ರಿ ನಾನು?” ಎಂದು ಅವಳು ಸೌಟು ಹಿಡಿದುಕೊಂಡೇ ನಿಂತಳು.

ಸಾಹೇಬರು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದರು. ಒಂದು ನಿಮಿಷ ನೋಡಿದರು. ಅವರಿಗೆ ತಿಳಿಯಿತು, ದಡ್ಡರೇನಲ್ಲ ಅವರು, ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು.

“ಇದನ್ನೇ ಒಳಗೆ ಮಾಡಿ ತೋರಿಸಬೇಕಿತ್ತು ಕಣ್ರೀ. ಈಗ ಏನು ಮಾಡೋದು, ಅಂಕ ಬರೆದಾಗಿದೆ. ಅಲ್ವೇನ್ರಿ ರುದ್ರಪ್ಪ?”

ಅಂಕಪಟ್ಟಿ ನನ್ನ ಕಂಕುಳಲ್ಲೇ ಇತ್ತು. ಬರೆದದ್ದು ಪೆನ್ಸಿಲಿನಲ್ಲಿ, ಸಂಜೆ ಶಾಯಿಯಲ್ಲಿ ತಿದ್ದಿ ರುಜು ಹಾಕಿಸುವುದು ನಮ್ಮ ಕಚೇರಿಯ ಪದ್ಧತಿ, ಅದು ಅವರಿಗೂ ಗೊತ್ತು. ರಬ್ಬರು ನನ್ನ ಜೇಬಿನಲ್ಲಿತ್ತು. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹೌದು ಸಾರ್, ಬರೆದಾಗಿದೆ” ಎಂದೆ.

ಆ ಹಾಲಿನಲ್ಲಿದ್ದ ಎಲ್ಲರನ್ನೂ ನಾನು ಈವರೆಗೆ ಹಳಿದಿದ್ದೇನೆ. ಆ ಸಾಲಿನಲ್ಲಿ ಈ ಗುಮಾಸ್ತನಿಗೂ ಒಂದು ಜಾಗ ಇದೆ, ಅದು ಮೇಜಿನ ಕೆಳಗೆ ಕೂತ ಸಿದ್ರಾಮಪ್ಪನವರಿಗಿಂತ ಕೆಳಗೆ.

ಬಸ್ಸಿಗೆ ಹೋಗುವಾಗ ಈರಜ್ಜ, “ನನ್ನಿಂದ ಆತು ಮೇಷ್ಟ್ರೆ” ಎಂದ.

“ಇಲ್ಲಜ್ಜ. ಕಂಬ್ಳಿ ಚೆನ್ನಾಗೈತೆ. ಹೊಸದು, ಅಷ್ಟೆ. ನಾಕು ಸಲ ಹಳ್ಳಕ್ಕೆ ಹಾಕಿದ್ರೆ ಸರಿ ಹೋಗ್ತತೆ. ನಡಿ, ಹೋಗಾಣ.”

ಬೆಳ್ಳಿಯ ಫಲಕ ಪ್ರಶ್ನೆಪೆಟ್ಟಿಗೆಗೆ ಹೋಯಿತು. ನಂಜುಂಡಯ್ಯನವರ ಶಾಲೆಗೆ ಒಮ್ಮೆ ಹೋದಾಗ ಕೇಳಿದೆ. ಪೆಟ್ಟಿಗೆ ಬೀರುವಿನಲ್ಲಿದೆ, ಬೀರುವಿನ ಕೀಲಿ ಹೆಡ್‌ಮಾಸ್ಟರ ಮನೆಯಲ್ಲಿದೆ ಎಂದರು. ಮೇ ತಿಂಗಳಲ್ಲಿ ಹಟ್ಟಿಯ ಶಾಲೆ ಮುಚ್ಚುವ ಆಜ್ಞೆಯನ್ನು ಮೂರು ಕಾರ್ಬನ್ ಇಟ್ಟು ಟೈಪು ಮಾಡಿದವನೂ ನಾನೇ. ಮೇಷ್ಟ್ರನ್ನು ಹಿರಿಯೂರಿನ ಆಚೆ, ಮಕ್ಕಳು ಎಲ್ಲಿಗೂ ಹೋಗದ ಒಂದು ಊರಿಗೆ ಹಾಕಿದರು. ಹಟ್ಟಿಯವರು ಹೊಸ ಕಂಬಳಿಯನ್ನು ಅವರಿಗೇ ಕೊಟ್ಟು ಕಳಿಸಿದರು ಎಂದು ಕೇಳಿದೆ.

ಆ ಮಳೆಗಾಲ ಕಳೆದ ಮೇಲೆ ಬೆಂಗಳೂರಿನಿಂದ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆಲ್ಲ ಒಂದೊಂದು ಪಾರ್ಸಲು ಹೋಯಿತು. ಹಳೆಯ ಪಟ್ಟಿಯನ್ನೇ ನೋಡಿ ಕಳಿಸಿದ್ದರಿಂದ ಹಟ್ಟಿಯ ಶಾಲೆಯ ಹೆಸರಿಗೂ ಒಂದು ಬಂದಿತ್ತು. ಶ್ರೀರಾಂಪುರದ ಪೋಸ್ಟ್‌ಮ್ಯಾನ್ ಅದರ ಮೇಲೆ, ಈ ಹೆಸರಿನ ಶಾಲೆ ಇಲ್ಲ ಎಂದು ಬರೆದು ನಮ್ಮ ಕಚೇರಿಗೆ ವಾಪಸು ಮಾಡಿದ. ನಾನು ಬಿಚ್ಚಿದೆ. ಒಳಗೆ ಹಲಗೆಯೊಂದಕ್ಕೆ ಬಿಗಿದ ಹಸಿರು ಉಣ್ಣೆ ಬಟ್ಟೆ, ಒಂದು ಡಬ್ಬಿಯ ತುಂಬ ಹಿಂದೆ ಮರಳುಕಾಗದ ಅಂಟಿಸಿದ ಅಕ್ಷರಗಳು, ಅಂಕಿಗಳು, ಪ್ರಾಣಿಗಳು. ಜೊತೆಗೆ, ಬೋಧನೆಯಲ್ಲಿ ನೂತನ ಸಾಧನ, ಎಲ್ಲ ಶಾಲೆಗಳೂ ಕಡ್ಡಾಯವಾಗಿ ಬಳಸತಕ್ಕದ್ದು ಎಂಬ ಅಚ್ಚಿನ ಚೀಟಿ. ಡಬ್ಬಿಯಲ್ಲಿ ಕುರಿ ಎಂದು ಬರೆದ ಒಂದು ಪ್ರಾಣಿ ಇತ್ತು. ಅದರ ಬಾಲ ಮೇಲಕ್ಕೆ ಎದ್ದಿತ್ತು.

ಬಂದ ಸಾಮಾನಿನ ಪುಸ್ತಕದಲ್ಲಿ ರುಜು ಹಾಕಿ, ಅದನ್ನು ಗೋದಾಮಿನಲ್ಲಿಟ್ಟೆ.